ಹುಲುಗಪ್ಪನ ಕುತ್ತಿಗೆ ಪರೀಕ್ಷೆ

ಹಾಡು ಹಚ್ಚಿದವನು ಸಾಧಾರಣವಾಗಿ ತನ್ನ ಯಂತ್ರದ ಕಡೆಗೆ ನೋಡುತ್ತಾನೆ. ತುಸು ರಸಿಕನಾದರೆ ಕಣ್ಣು ಮುಚ್ಚಿಕೊಳ್ಳುತ್ತಾನೆ. ನಮ್ಮ ಮೈಕ್ ಹುಲುಗಪ್ಪ ಮಾತ್ರ ಜನರ ಕುತ್ತಿಗೆಯನ್ನು ನೋಡುತ್ತಿದ್ದ. ಗುಂಡಿ ತಿರುಗಿಸಿ, ತುಸು ಹಿಂದೆ ಸರಿದು, ಎಡಗೈಯನ್ನು ಸೊಂಟಕ್ಕೆ ಕೊಟ್ಟು, ಹೋಗಿಬರುವವರ ಕತ್ತಿನ ಮೇಲೆ ದೃಷ್ಟಿ ನೆಟ್ಟು ಅವನು ನಿಂತನೆಂದರೆ, ದನದ ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ದಲ್ಲಾಳಿಗೂ ಅಷ್ಟು ಏಕಾಗ್ರತೆ ಇರಲಿಕ್ಕಿಲ್ಲ. ಕತ್ತು ತಿರುಗಿತೋ, ಹಾಡು ಪಾಸು. ತಿರುಗಲಿಲ್ಲವೋ, ಎಂಥ ದೊಡ್ಡವರೇ ಹಾಡಿರಲಿ, ನಾಪಾಸು. “ಹಾಡು ಕಿವಿಗೆ ಹೋಗೂದಲ್ರೀ ಸಾವ್ಕಾರ್ರ, ಕುತಿಗಿಗೆ ಹೋಗೂದು,” ಎಂದು ನನಗೆ ಪಾಠ ಹೇಳಿದ್ದ. ಕಿವಿಯ ಬಗ್ಗೆ ಅವನಿಗಿದ್ದ ತಾತ್ಸಾರಕ್ಕೆ ಬೇರೊಂದು ಕಾರಣವೂ ಇತ್ತೆಂಬುದು ನನಗೆ ತಿಳಿದದ್ದು ತಡವಾಗಿ.

ಹೊಸಪೇಟೆಯಲ್ಲಿ, ಸಂಡೂರಿನ ಅದಿರು ಲಾರಿಗಳು ಊರೊಳಕ್ಕೆ ಮೂಗು ತೂರಿಸುವ ಜಾಗದಲ್ಲಿ, ನನ್ನದು ಹಗ್ಗ ಮತ್ತು ತಾಡಪತ್ರಿಯ ಅಂಗಡಿ. ಅದಿರಿನ ಮೇಲೆ ಹೊದಿಸುವುದಕ್ಕೆ ನನ್ನ ತಾಡಪತ್ರಿ ಬೇಕು, ಹೊದಿಸಿದ ಮೇಲೆ ಡ್ರೈವರನಿಗೆ ನಿದ್ದೆ ಬಾರದಿರಲು ಹುಲುಗಪ್ಪನ ಹಾಡು ಬೇಕು. ಹೀಗೆ ನಾವು ಒಂದೇ ಗೋಡೆಯ ಎರಡು ಬದಿಯ ವ್ಯಾಪಾರಿಗಳಾಗಿದ್ದೆವು. ಬಾಡಿಗೆಗೆ ಮೈಕ್ ಸೆಟ್ ಕೊಡುವುದು, ಲಾರಿ-ಟ್ರ್ಯಾಕ್ಟರುಗಳಿಗೆ ಹಾಡು ತುಂಬಿಕೊಡುವುದು ಅವನ ಕಸುಬು. ಹೊಸ ಹಾಡು ಬಂದಾಗಲೆಲ್ಲ ಬೀದಿಗೆ ಹಾರ್ನು ಮುಖಮಾಡಿ ಪರೀಕ್ಷೆ ನಡೆಸುತ್ತಿದ್ದ. ಅವನ ಹಾಡಿಗೆ ನಿಂತವರಲ್ಲಿ ಒಬ್ಬಿಬ್ಬರಾದರೂ ನನ್ನ ಹಗ್ಗವನ್ನು ಮುಟ್ಟಿ, ಎಳೆದು, ನೋಡುತ್ತಿದ್ದರು. ಈ ಉಪಕಾರವನ್ನು ನಾನು ಅವನೆದುರು ಎಂದೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಅದಕ್ಕೂ ಬಾಡಿಗೆ ಕೇಳುವಷ್ಟು ಬುದ್ಧಿ ಅವನಿಗಿತ್ತು.

ಹರೆಯದಿಂದ ಹಾರ್ನು ಹೊತ್ತು ಹೊತ್ತು ಅವನ ಬಲಭುಜ ಇಳಿದುಹೋಗಿತ್ತು. ಬರಿಗೈಯಲ್ಲಿ ಬರುವಾಗಲೂ ಕಣ್ಣಿಗೆ ಕಾಣದ ಏನನ್ನೋ ಹೊತ್ತವನಂತೆ ವಾಲಿಕೊಂಡೇ ನಡೆಯುತ್ತಿದ್ದ. ಮೈಮೇಲೆ ಮಗಳು ಗಂಗೋತ್ರಿಯ ಮದುವೆಗೆಂದು ಹೊಲಿಸಿದ ಬೂದುಬಣ್ಣದ ಸಫಾರಿ ಅಂಗಿ. ಅದರ ಜೇಬುಗಳೇ ಅವನ ಕಪಾಟು. ಮೇಲಿನ ಎಡಜೇಬಿನಲ್ಲಿ ದೇವರ ಹಾಡುಗಳ ಪೆನ್‌ಡ್ರೈವ್, ಬಲಜೇಬಿನಲ್ಲಿ ಸೋಬಾನೆ ಮತ್ತು ಹಳೆಯ ಸಿನೆಮಾದ ಯುಗಳಗೀತೆ. ಕೆಳಗೆ ಒಂದರಲ್ಲಿ ಗಡಿಯಾಚೆಯ ತೆಲುಗು ಹಾಡು ಹಾಗೂ ಉರುಸಿನ ಕವ್ವಾಲಿ, ಇನ್ನೊಂದರಲ್ಲಿ ಹುಡುಗರು ಕುಣಿಯುವ ಡಿಜೆ ಜಾನಪದ. ಸಾವಿನ ಮನೆಯ ತತ್ವಪದಗಳಿಗೆ ಮಾತ್ರ ಎದೆಗೆ ಹತ್ತುವ ಒಳಜೇಬು. ಪೆನ್‌ಡ್ರೈವುಗಳೆಲ್ಲ ಒಂದೇ ಅಂಗಡಿಯ ಒಂದೇ ಕಪ್ಪು ಮಾಲು. ಜೇಬಿನಿಂದಲೇ ಅವುಗಳ ಗುರುತು. ಅಂಗಿ ಒಗೆಯುವ ದಿನ ಹೆಂಡತಿ ಜಂಬವ್ವ ಎಲ್ಲವನ್ನೂ ತೆಗೆದಿಟ್ಟು, ಅಂಗಿ ಒಣಗಿದ ಮೇಲೆ ಒಂದೊಂದನ್ನೂ ಪೆಟ್ಟಿಗೆಗೆ ಚುಚ್ಚಿ, ಮೊದಲ ಸೊಲ್ಲು ಕೇಳಿ, ಅದರದರ ಜೇಬಿಗೆ ಸೇರಿಸುತ್ತಿದ್ದಳು.

ಅವನ ಪರೀಕ್ಷೆಯನ್ನು ನಾನು ಹಾಸ್ಯ ಮಾಡಿದರೂ ಅದು ಸುಳ್ಳಾದದ್ದನ್ನು ಬಹುಕಾಲ ಕಾಣಲಿಲ್ಲ. ಸಂಡೂರಿನಲ್ಲಿ ಲಾರಿ ಮಾಲೀಕರೊಬ್ಬರ ಗೃಹಪ್ರವೇಶ. ಹೊಸ ಕಿಟಕಿಗಳ ಗಾಜು ಗದಗುಟ್ಟುವಂಥದ್ದೇ ಬೇಕೆಂದು ಅವರ ಅಪ್ಪಣೆ. ಹುಲುಗಪ್ಪ ಗಾಜುಗಳನ್ನು ಬೇಕಾದಷ್ಟು ಗದಗುಟ್ಟಿಸಿ, ಊಟದ ಹೊತ್ತಿಗೆ, ಯಾರೋ ಮುದುಕಿ ಹಾಡಿದ ಬೀಸುವ ಪದವೊಂದನ್ನು ಮೆಲ್ಲಗೆ ಬಿಟ್ಟ. ಫೋನಿನಲ್ಲಿ ಡ್ರೈವರನ ಮನೆತನವನ್ನೆಲ್ಲ ಬೈಯುತ್ತಿದ್ದ ಮಾಲೀಕರು ಬೈಗುಳದ ನಡುವೆಯೇ ನಿಂತುಬಿಟ್ಟರು. ಪಂಕ್ತಿಯಲ್ಲಿ ಹೋಳಿಗೆ ಮುರಿಯುತ್ತಿದ್ದ ಕೈಗಳು ಹಾಗೇ ನಿಂತವು. ಮಾಲೀಕರು ಕಣ್ಣೊರೆಸಿಕೊಂಡು, ತಮ್ಮ ತಾಯಿ ಹೀಗೆಯೇ ಹಾಡುತ್ತಿದ್ದಳೆಂದು ಹೇಳಿ, ಮರುಕ್ಷಣವೇ ಶುಭಕಾರ್ಯದಲ್ಲಿ ಅಳು ಬೇಡವೆಂದು ಮತ್ತೆ ಗಾಜು ಅಲುಗಾಡಿಸಲು ಹೇಳಿದರು. ಹಂಪಿಯ ಹತ್ತಿರದ ಮದುವೆಯೊಂದರಲ್ಲಿ ಸ್ಮಾರಕದ ಕಾವಲಿನವರು ಬಂದು ಹಾರ್ನು ಆ ಕಡೆ ತಿರುಗಿಸಬಾರದೆಂದಾಗ, ಅದನ್ನು ಅಡುಗೆಯವರ ಕಡೆಗೆ ತಿರುಗಿಸಿದ. ಅಂದಿನ ಸಾರು ಸೀದುಹೋಯಿತು. ಬೀಗರು ಅಡುಗೆಯವರನ್ನು ಬೈಯುತ್ತಿದ್ದರೆ, ಇವನು ನನ್ನ ಮಗ್ಗುಲಲ್ಲಿ ನಿಂತು, ಹಾಡು ಪಾಸೆಂದು ಕಣ್ಣಲ್ಲೇ ಹೇಳಿದ.

ಒಂದು ಮುಂಜಾನೆ ಎಂದಿನಂತೆ ಅವನು ಬೀದಿಗೆ ಹಾರ್ನಿಟ್ಟು ನಿಂತಿದ್ದ. ಬೆರಳುಗಳು ತೊಡೆಯ ಮೇಲೆ ತಾಳ ಹಾಕುತ್ತಿದ್ದವು. ಒಬ್ಬರೂ ತಿರುಗುತ್ತಿರಲಿಲ್ಲ. “ಜನರ ರುಚಿ ಭಾಳ ಕೆಟ್ಟೈತ್ರಿ ಸಾವ್ಕಾರ್ರ, ಇಂಥಾ ಹಾಡಿಗೂ ಒಬ್ರೂ ನೋಡವಲ್ರು,” ಎಂದು ನನ್ನತ್ತ ಕೂಗಿದ. ಆಗ ಬೀದಿಯಲ್ಲಿ ಯಾವ ಹಾಡೂ ಇರಲಿಲ್ಲ. ಹಾರ್ನಿನ ವೈರು ಕಳಚಿ ನೆಲದ ಮೇಲೆ ಬಿದ್ದಿತ್ತು. ಒಳಗಿನಿಂದ ಬಂದ ಜಂಬವ್ವ ಬಾಗಿ ಅದನ್ನು ಸಿಕ್ಕಿಸಿದಳು. ಹಾಡು ಒಮ್ಮೆಗೇ ಸಿಡಿದು, ಸೈಕಲ್ಲಿನವನೊಬ್ಬ ಬೆಚ್ಚಿ ಕಾಲೂರಿದ. ಹುಲುಗಪ್ಪನ ಮುಖ ಅರಳಿತು. ಜಂಬವ್ವ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಬೇಡಿಕೆಯಿತ್ತು. ಕಿವಿ ಕೇಳದ ಮೈಕಿನವನನ್ನು ಯಾರು ಕರೆಯುತ್ತಾರೆ? ಗೊತ್ತಾಗುವುದು ಬೇರೆ, ಗೊತ್ತಾಗಿದೆಯೆಂದು ತೋರಿಸುವುದು ಬೇರೆ ಎಂಬುದನ್ನು ವ್ಯಾಪಾರ ಕಲಿಸುತ್ತದೆ; ನಾನು ತಲೆ ತಗ್ಗಿಸಿ ಹಗ್ಗ ಅಳೆಯತೊಡಗಿದೆ.

ಅಲ್ಲಿಂದ ಮುಂದೆ ಜಂಬವ್ವನೇ ಅವನ ಕಿವಿ. ಎಲ್ಲಿ ಮೈಕ್ ಸೆಟ್ಟೋ ಅಲ್ಲಿ ಅವಳು, ಮಡಿಲಲ್ಲಿ ಮೊರವಿಟ್ಟುಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸುತ್ತ, ಪೆಟ್ಟಿಗೆಯ ಪಕ್ಕದಲ್ಲಿ. ಬಳೆ ಮೇಲಕ್ಕೇರಿಸಿದರೆ ದನಿ ಏರಿಸಬೇಕು, ಹಣೆ ಒತ್ತಿಕೊಂಡರೆ ಇಳಿಸಬೇಕು, ಸೆರಗು ಕೊಡವಿದರೆ ಹಾಡು ಬದಲಿಸಬೇಕು. ಜನ ನಕ್ಕರು. ಹುಲುಗ್ಯಾಗೆ ಹೆಂಡತಿಯ ಸೆರಗು ಬಿಟ್ಟರೆ ಉಸಿರಾಡಲು ಬರುವುದಿಲ್ಲವೆಂದು ವಡ್ಡು ಊರಿನ ಹುಡುಗರು ಅವನೆದುರೇ ಆಡಿಕೊಂಡರು. ಅವನೂ ನಗುತ್ತಿದ್ದ. ಕಿವುಡನೆಂಬ ಹೆಸರಿಗಿಂತ ಹೆಂಡತಿಯ ಗುಲಾಮನೆಂಬ ಹೆಸರು ಅಗ್ಗವೆಂದು ಅವನು ಲೆಕ್ಕ ಹಾಕಿದ್ದ. ಲೆಕ್ಕ ಸರಿಯಾಗಿಯೇ ಇತ್ತು.

ಕಂಪ್ಲಿಯಲ್ಲಿ ಅಕ್ಕಿ ಗಿರಣಿಯ ವಿರೂಪಾಕ್ಷಪ್ಪನವರ ತಾಯಿ ಚೆನ್ನಬಸಮ್ಮನವರಿಗೆ ಇವನ ಮೇಲೆ ವಿಶೇಷ ಮಮತೆ. ಶ್ರಾವಣದ ಭಜನೆಗೆ ಅವರ ಮನೆಗೆ ಹೋಗುವ ಮೈಕು ಇವನದೇ. ಸೀರೆಯನ್ನು ಅರ್ಧ ನೇಯ್ದು ಮಗ್ಗದ ಮೇಲೆಯೇ ಬಿಟ್ಟು ಎದ್ದುಹೋದ ನೇಕಾರಳ ಕುರಿತ ತತ್ವಪದವೊಂದನ್ನು ಅವರು ಮತ್ತೆ ಮತ್ತೆ ಹಾಕಿಸಿ ಕೇಳುತ್ತಿದ್ದರು. “ನಾ ಹೋದ ದಿನ ನನಗ ಇದನ್ನ ಹಚ್ಚಬೇಕಲೇ ಹುಲುಗ್ಯಾ. ಮರೆತಿ ಅಂದ್ರ ಎದ್ದು ಬಂದು ಕೇಳ್ತೀನಿ,” ಎಂದು ಒಮ್ಮೆ ನನ್ನೆದುರಿಗೇ ಹೇಳಿದರು. ಹುಲುಗಪ್ಪ ಒಳಜೇಬನ್ನು ಮುಟ್ಟಿ, ಮಾತು ಕೊಟ್ಟ.

ಅವರು ಹೋದದ್ದು ಕಳೆದ ಮಾಘದಲ್ಲಿ. ಜಂಬವ್ವ ಆಗ ಮಗಳ ಬಾಣಂತನಕ್ಕೆಂದು ಚೋರನೂರಿನ ಬೀಗರ ಮನೆಗೆ ಹೋಗಿದ್ದಳು. ಹೋಗುವಾಗ, ತಾನು ಬರುವವರೆಗೆ ಯಾವ ಕರೆಗೂ ಹೋಗಬಾರದೆಂದು ಗಂಡನಿಂದ ಆಣೆ ಮಾಡಿಸಿಕೊಂಡಿದ್ದಳು. ಆದರೆ ಇದು ಚೆನ್ನಬಸಮ್ಮನವರ ಸಾವು. ಆಣೆಗಿಂತ ಹಳೆಯದಾದ ಮಾತೊಂದು ಅಡ್ಡ ಬಂದಿತು. ಆ ವಾರ ಅವನು ಅಂಗಿಯನ್ನು ತಾನೇ ಒಗೆದುಕೊಂಡು, ಪೆನ್‌ಡ್ರೈವುಗಳನ್ನು ತಾನೇ ಜೇಬಿಗೆ ಸೇರಿಸಿಕೊಂಡಿದ್ದ. ಗೋಡೆಯಾಚೆ ನಾನಿದ್ದೆ. ಇದು ಯಾವ ಹಾಡೆಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಆದರೆ ಕೇಳುವುದೆಂದರೆ ಒಪ್ಪಿಕೊಳ್ಳುವುದು.

ನಾನೂ ಅವನ ಟೆಂಪೋದಲ್ಲಿಯೇ ಕಂಪ್ಲಿಗೆ ಹೋದೆ. ಪಡಸಾಲೆಯಲ್ಲಿ ಚೆನ್ನಬಸಮ್ಮನವರಿಗೆ ವಿಭೂತಿ ಹಚ್ಚಿ, ಹೂ ಮುಡಿಸಿ, ಗೋಡೆಗೆ ಆನಿಸಿ ಕೂರಿಸಿದ್ದರು. ಬಿಸಿಲಿಗೆ ಕಟ್ಟಿದ್ದ ತಾಡಪತ್ರಿಯ ಕೆಳಗೆ ಊರೇ ನೆರೆದಿತ್ತು. ಹುಲುಗಪ್ಪ ಅಂಗಳದ ಬೇವಿನ ಮರಕ್ಕೆ ಹಾರ್ನು ಕಟ್ಟಿ, ಕೈಕಾಲು ತೊಳೆದುಕೊಂಡು ಬಂದು, ಒಳಜೇಬಿನಿಂದ ತೆಗೆದದ್ದನ್ನು ಪೆಟ್ಟಿಗೆಗೆ ಚುಚ್ಚಿ, ಹಿಂದೆ ಸರಿದು, ಸೊಂಟಕ್ಕೆ ಕೈಯಿಟ್ಟು ನಿಂತ.

ಹಾರ್ನಿನಿಂದ ಹೊರಟದ್ದು ಟ್ರ್ಯಾಕ್ಟರ್ ಹತ್ತಿ ಬಂದ ಅತ್ತೆಮಗಳ ನಡುವನ್ನು ಬಣ್ಣಿಸುವ ಡಿಜೆ ಹಾಡು.

ಪಡಸಾಲೆಯಲ್ಲಿ ಅಳು ನಿಂತಿತು. ಮುದುಕರು, ಹೆಂಗಸರು, ಸ್ವಾಮಿಗಳು, ಹೂವಿನವರು, ಎಲ್ಲರ ಕುತ್ತಿಗೆಯೂ ಬೇವಿನ ಮರದತ್ತ ತಿರುಗಿತು. ಬಾಳಿನುದ್ದಕ್ಕೂ ಹುಲುಗಪ್ಪ ಕಾದದ್ದು ಇಂಥದೊಂದು ಕ್ಷಣಕ್ಕೆ: ಒಂದೂ ತಪ್ಪದೆ, ಸಭೆಗೆ ಸಭೆಯೇ ತಿರುಗಬೇಕು. ಅವನ ಮುಖದ ಮೇಲೆ ಮೂಡಿದ ಧನ್ಯತೆಯನ್ನು ನಾನು ಮರೆಯಲಾರೆ. ಕಣ್ಣು ತುಂಬಿಕೊಂಡು, ಮುಂದೆ ಬಾಗಿ, ಅವನು ದನಿಯನ್ನು ಇನ್ನಷ್ಟು ಏರಿಸಿದ.

ವಿರೂಪಾಕ್ಷಪ್ಪನವರ ಅಕ್ಕನ ಮಗ ಹಾಲೇಶ್ ಓಡಿಬಂದು ವೈರು ಕಿತ್ತೆಸೆದ. “ಲೇ, ಸತ್ತ ಮನಿಯಾಗ ಏನು ಹಚ್ಚಿಯಲೇ? ಕಿವಿ ಅದಾವಿಲ್ಲೋ ನಿನಗ?”

ಹುಲುಗಪ್ಪನಿಗೆ ಕಂಡದ್ದು ಹಾಡು ನಿಲ್ಲಿಸುವ ಅವಸರವೊಂದೇ. ಅವನು ಕೈ ಜೋಡಿಸಿ, ತನ್ನ ದನಿಯ ಅಳತೆ ತನಗೇ ತಿಳಿಯದವರ ಗಟ್ಟಿ ದನಿಯಲ್ಲಿ, ಆ ನಿಶ್ಶಬ್ದದೊಳಗೆ ಹೇಳಿದ: “ಅವ್ವಾರು ಬೇಡಿಕೊಂಡಿದ್ದ ಪದಾರೀ ಇದು. ಪೂರ್ತಿ ಆಗ್ಲಿ, ತಡೀರಿ.”

ಆಗ ಎಲ್ಲರಿಗೂ ತಿಳಿಯಿತು. ಹಿಂದಿನಿಂದ ಯಾರೋ ಒಬ್ಬ ನಕ್ಕ. ಬಾಯಿಗೆ ಬಾರದಂತೆ ಮೂಗಿನಲ್ಲೇ ತಡೆದ ನಗೆ. ವಿರೂಪಾಕ್ಷಪ್ಪನವರು ದೊಡ್ಡವರು. ಅಳಿಯನನ್ನು ಹಿಂದೆ ಸರಿಸಿ, ಹುಲುಗಪ್ಪನ ಇಳಿದ ಭುಜದ ಮೇಲೆ ಕೈಯಿಟ್ಟು, ಇರಲಿ, ಅವ್ವ ಇದ್ದಿದ್ದರೆ ನಕ್ಕುಬಿಡುತ್ತಿದ್ದಳು ಎಂದರು. ಅವನು ಅವರ ತುಟಿಗಳನ್ನು ನೋಡಿದ, ಆಮೇಲೆ ಜನರನ್ನು, ಆಮೇಲೆ ನನ್ನನ್ನು. ನಾನು ಎದ್ದು ಹೋಗಿ ಮರದಿಂದ ಹಾರ್ನು ಬಿಚ್ಚಿದೆ. ಕಟ್ಟಿದ ಹಗ್ಗ ನನ್ನ ಅಂಗಡಿಯದೇ; ಗಂಟು ಬಿಚ್ಚಲು ಬಹಳ ಹೊತ್ತು ಹಿಡಿಯಿತು.

ದಾರಿಯಲ್ಲಿ ಯಾವ ಹಾಡು ಬಂತೆಂದು ಕೇಳಿದ. ಅವನ ಕಿವಿಗೆ ಬಾಯಿ ಹಚ್ಚಿ ಹೇಳಿದೆ. ಬಾಳೆತೋಟಗಳು, ಕಬ್ಬು, ಕಾಲುವೆ ಕಳೆದು ಕಮಲಾಪುರದ ಕೆರೆಯ ಏರಿ ಬಂತು. ಆಮೇಲೆ, ಯಾರನ್ನೂ ನೋಡದೆ, “ಕುತಿಗಿ ತಿರುಗಿದ್ವಲ್ರೀ ಸಾವ್ಕಾರ್ರ. ಎಲ್ಲಾರವೂ ತಿರುಗಿದ್ವು,” ಎಂದ.

ಯಾರೋ ಅದನ್ನು ಫೋನಿನಲ್ಲಿ ಹಿಡಿದಿದ್ದರು. ಕಂಪ್ಲಿಯಿಂದ ಹೊಸಪೇಟೆಗೆ ನಾವು ಟೆಂಪೋದಲ್ಲಿ ಬಂದು ಮುಟ್ಟುವ ಮೊದಲೇ ಹಾಡು ಬಂದು ಮುಟ್ಟಿತ್ತು. ಹಳತಾಗಿ ಮೂಲೆ ಸೇರುತ್ತಿದ್ದ ಆ ಟ್ರ್ಯಾಕ್ಟರ್ ಹಾಡು ಮತ್ತೆ ಜೀವ ಪಡೆಯಿತು. ವಡ್ಡುವಿನ ಮದುವೆಯಲ್ಲಿ ಹುಡುಗರು ಅದನ್ನು ಕಂಪ್ಲಿ ಹಾಡೆಂದು ಹೆಸರಿಟ್ಟು ಕೇಳಿ ಹಾಕಿಸಿಕೊಂಡರು. ಲಾರಿಯವರು ನನ್ನ ಅಂಗಡಿಯ ಮುಂದೆಯೇ ಅದನ್ನು ಜೋರಾಗಿ ಬಿಟ್ಟುಕೊಂಡು ತಾಡಪತ್ರಿ ಬಿಗಿದರು. ಅವನು ಪರೀಕ್ಷಿಸಿ ಪಾಸು ಮಾಡಿದ ಯಾವ ಹಾಡಿಗೂ ಇಷ್ಟು ಕಿವಿಗಳು ಸಿಕ್ಕಿರಲಿಲ್ಲ. ಜಂಬವ್ವ ಅದನ್ನು ನೋಡಿದ್ದು ಚೋರನೂರಿನಲ್ಲಿ, ಅಳಿಯನ ಫೋನಿನಲ್ಲಿ, ಮೊಮ್ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು. ಅಂದೇ ಬಸ್ಸು ಹತ್ತಿ ಬಂದಳು. ಬಂದವಳು ಬೈಯಲಿಲ್ಲ, ಜೇಬುಗಳಿಂದ ಎಲ್ಲವನ್ನೂ ತೆಗೆದು, ಒಂದೊಂದನ್ನೂ ಕೇಳಿ, ಸರಿಯಾದ ಜೇಬಿಗೆ ಹಾಕಿಟ್ಟಳು. ಅದರ ನಂತರ ಅವಕ್ಕೆ ಕರೆ ಬರಲಿಲ್ಲ. ಅವನ ಮೈಕಿನ ಹೆಸರು ಬಂದಲ್ಲೆಲ್ಲ ಜನ ಮೊದಲು ನಗುತ್ತಿದ್ದರು. ನಕ್ಕವರು ಬಾಡಿಗೆಗೆ ಕರೆಯುವುದಿಲ್ಲ.

ಮುಚ್ಚಿಡುವುದಕ್ಕೆ ಇನ್ನೇನೂ ಉಳಿಯದ್ದರಿಂದ, ಬಳ್ಳಾರಿಗೆ ಹೋಗಿ ಕಿವಿಗೆ ಯಂತ್ರ ಹಾಕಿಸಿಕೊಂಡ. ಕೆಲವೇ ದಿನ. “ಮಾತು ಕೇಳ್ತಾವ್ರಿ. ಹಾಡು ಹಚ್ಚಿದ್ರ ತಗಡು ಬಡದಂಗ ಆಗ್ತೈತಿ. ಬ್ಯಾಡ್ರಿ,” ಎಂದು ತೆಗೆದು, ಆ ಒಳಜೇಬಿನಲ್ಲಿಯೇ ಇಟ್ಟುಕೊಂಡ. ಮಾತು ಮಾತ್ರ ಕೇಳುವ ಕಿವಿ ಅವನಿಗೆ ಬೇಕಿರಲಿಲ್ಲ.

ಈಗ ಸಂಜೆಯಾಗುತ್ತಲೇ ಗಂಡ-ಹೆಂಡತಿ ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಕೂರುತ್ತಾರೆ. ಅವನ ಕಣ್ಣು ಬೀದಿಯ ಕುತ್ತಿಗೆಗಳ ಮೇಲೆ. ಬೀದಿಯಾದರೂ ಬದಲಾಗಿದೆ. ಹುಡುಗ ಹುಡುಗಿಯರು ಕಿವಿಯೊಳಗೇ ತಮ್ಮ ತಮ್ಮ ಹಾಡನ್ನು ಇಟ್ಟುಕೊಂಡು ಓಡಾಡುತ್ತಾರೆ. ಯಾರ ಕತ್ತೂ ಯಾವುದಕ್ಕೂ ತಿರುಗುವುದಿಲ್ಲ. ಜಂಬವ್ವ ಮಾತ್ರ ಮೊರದಿಂದ ತಲೆಯೆತ್ತಿ ಆಗಾಗ ರಸ್ತೆಯ ಕಡೆ ಕತ್ತು ತಿರುಗಿಸಿ, ಬಳೆಯನ್ನು ಮೇಲಕ್ಕೇರಿಸುತ್ತಾಳೆ. ಅವನ ಬೆರಳು ತೊಡೆಯ ಮೇಲೆ ತಾಳ ಹಿಡಿಯುತ್ತದೆ. ನಾನು ಗಮನಿಸಿ ನೋಡಿದ್ದೇನೆ: ಹಲವು ಸಲ ಆಗ ರಸ್ತೆಯಲ್ಲಿ ಹಾಡಿರುವುದಿಲ್ಲ. ಖಾಲಿ ನೀರಿನ ಟ್ಯಾಂಕರೋ, ಬೆಲ್ಲದ ಗಾಡಿಯೋ ಹೋಗುತ್ತಿರುತ್ತದೆ. ಆದರೂ ಅವಳು ತಿರುಗುತ್ತಾಳೆ.

ಹಾಡುವವರನ್ನು ಲೋಕ ನೆನೆಯುತ್ತದೆ, ಬರೆದವರನ್ನು ಅಪರೂಪಕ್ಕೆ ನೆನೆಯುತ್ತದೆ. ನಡುವೆ ನಿಂತು, ಯಾರ ಸಂಕಟಕ್ಕೆ ಯಾವ ಹಾಡೆಂದು ಅಳೆದು ಬಡಿಸುವ ಹುಲುಗಪ್ಪನಂಥವರು ಹಾರ್ನಿನ ಕೆಳಗಿನ ನೆರಳಿನಲ್ಲಿರುತ್ತಾರೆ. ತಿರುಗಿದ ಕುತ್ತಿಗೆಗಳು ಹಾರ್ನನ್ನು ನೋಡುತ್ತವೆಯೇ ಹೊರತು ಅವರನ್ನಲ್ಲ. ಅವರ ಸುಖವೆಲ್ಲ ಇತರರ ಮುಖದ ಮೇಲೆ ಇರುವುದರಿಂದ, ಕೇಳಿಸಿಕೊಳ್ಳುವ ಶಕ್ತಿ ಹೋದರೂ ಅವರು ಬದುಕಬಲ್ಲರು. ಕೇಳಿಸಿಕೊಂಡವನ ಮುಖ ಸಿಗದಿದ್ದರೆ ಬದುಕಲಾರರು. ಅಂಥವರಿಗೆ ಕೊನೆಗಾಲದಲ್ಲಿ ಬೇಕಾಗುವುದು ಹಾಡಲ್ಲ, ತಿರುಗುವ ಒಂದು ಕುತ್ತಿಗೆ. ಹುಲುಗಪ್ಪನಿಗೆ ಅದು ಸಿಕ್ಕಿದೆ. ಅದು ತಿರುಗುವುದು ಯಾವ ಹಾಡಿಗೆಂದು ಅವನು ಈವರೆಗೆ ಅವಳನ್ನು ಕೇಳಿಲ್ಲ.