ಗೋಡೆ ಮೇಲಿನ ಹಲ್ಲು

ಗಣಪಿಯ ಬಾಯಲ್ಲಿ ಹಲ್ಲುಗಳಿದ್ದವು ಎಂಬುದಕ್ಕೆ ಹಿರೇಗುತ್ತಿಯ ಅರ್ಧ ಊರು ಸಾಕ್ಷಿ ಹೇಳೀತು. ತದಡಿ ಬಂದರಿನಿಂದ ಮೀನುಬುಟ್ಟಿ ಹೊತ್ತು ಬಂದು ಕೇರಿಯ ತಲೆಯಲ್ಲಿ ನಿಂತು ಅವಳೊಂದು ಕೂಗು ಹಾಕಿದರೆ ಮೊದಲು ಬೆಕ್ಕುಗಳು ಬರುತ್ತಿದ್ದವು, ಆಮೇಲೆ ಹೆಂಗಸರು. ಚೌಕಾಶಿಗೆ ಇಳಿದವರನ್ನು ಬಾಯಲ್ಲಿದ್ದ ಎಲೆಯಡಿಕೆಯ ಕವಳ ಅಗಿಯುತ್ತಲೇ ಸುಮ್ಮನಾಗಿಸಿಬಿಡುತ್ತಿದ್ದಳು. ಹಲ್ಲು ಕಪ್ಪಾಗಿದ್ದವು, ನಿಜ. ಮುಂದಿನವೆರಡು ಉದುರಿ ಬಹಳ ಕಾಲವಾಗಿತ್ತು, ಹಿಂದೊಂದೆರಡು ಅಲ್ಲಾಡುತ್ತಿದ್ದವು. ಆದರೆ ಉಳಿದವು ಒಣಮೀನನ್ನೂ ಚಕ್ಕುಲಿಯನ್ನೂ ಚೆನ್ನಾಗಿಯೇ ಅರೆಯುತ್ತಿದ್ದವು. ಹಲ್ಲಿಗೆ ಅದಕ್ಕಿಂತ ಹೆಚ್ಚಿನ ಕೆಲಸವಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಫೋಟೋದಲ್ಲಿ ಕೂರುವುದೂ ಹಲ್ಲಿನ ಕೆಲಸವೇ ಎಂದು ಗೊತ್ತಾದದ್ದು ಮಗನ ನಿಶ್ಚಿತಾರ್ಥದ ಮಾರನೇ ದಿನ.

ಮಗ ರಾಜೀವ ಕುಮಟಾದ ಒಂದು ಸೊಸೈಟಿಯಲ್ಲಿ ಗುಮಾಸ್ತ. ಇಸ್ತ್ರಿ ಅಂಗಿ, ಕೊರಳಿಗೆ ನೇತಾಡುವ ಗುರುತಿನ ಚೀಟಿ. ಹುಡುಗಿ ಸಂಪದಾ ಭಟ್ಕಳದ ಪಕ್ಕದ ಜಾಲಿಯವಳು, ಅಪ್ಪನದು ಬಟ್ಟೆ ಅಂಗಡಿ. ನಿಶ್ಚಿತಾರ್ಥದ ದಿನ ಗಣಪಿ ಬಾಯಿ ತುಂಬ ನಕ್ಕದ್ದನ್ನು ಯಾರೋ ಮೊಬೈಲಿನಲ್ಲಿ ಹಿಡಿದು ಎರಡೂ ಮನೆಯವರಿದ್ದ ಗ್ರೂಪಿಗೆ ಹಾಕಿದ್ದರು. ಅದರ ಕೆಳಗೆ ಹುಡುಗಿಯ ಕಡೆಯ ಯಾವನೋ ಹಲ್ಲು ಕಿಸಿಯುವ ಮುಖಗಳನ್ನು ಸಾಲಾಗಿ ಒತ್ತಿದ್ದ. ರಾಜೀವನಿಗೆ ಆ ರಾತ್ರಿ ಅನ್ನ ಇಳಿಯಲಿಲ್ಲ.

"ಆಯಿ, ಎಲ್ಲಾ ತೆಗ್ಸಿ ಹೊಸ ಸೆಟ್ ಹಾಕ್ಸುವ" ಎಂದ.

"ಇದ್ದದ್ದ ಎಂತಕ್ಕೆ ತೆಗೂದು ತಮಾ?"

"ನನ್ನ ಮದ್ವೆಲಿ ನೀನು ಚಂದ ಕಾಣೂದು ಬ್ಯಾಡ್ವಾ?"

ಗಣಪಿಗೆ ಸಂತೋಷವೇ ಆಯಿತು, ಮುಚ್ಚಿಡುವುದೇನು. ಗಂಡ ಹೋದ ಮೇಲೆ ಅವಳು ಚಂದ ಕಾಣಬೇಕು ಎಂದು ಬಯಸಿದವರು ಯಾರೂ ಇರಲಿಲ್ಲ. ಮಗ ಬಯಸುತ್ತಿದ್ದಾನೆ! ಆ ಮಾತಿಗೆ ಅವಳು ಹಲ್ಲೇನು, ಕಿವಿಯನ್ನೂ ಕೊಯ್ದು ಕೊಡುತ್ತಿದ್ದಳು.

ಕುಮಟಾದ ಹಲ್ಲಿನ ಡಾಕ್ಟರಮ್ಮ ಬಾಯೊಳಗೆ ದೀಪ ಹಿಡಿದು ಸುಮಾರು ಹೊತ್ತು ನೋಡಿದರು. ಹಾಳಾದದ್ದನ್ನು ತೆಗೆದು, ಗಟ್ಟಿ ಇರುವುದನ್ನು ಹಾಗೇ ಬಿಟ್ಟು, ನಡುವೆ ಕೃತಕ ಹಲ್ಲು ಕೂರಿಸಬಹುದು ಎಂದರು. ಎಲ್ಲವನ್ನೂ ತೆಗೆದರೆ ವಸಡು ಮಾಗುವವರೆಗೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ ಎಂದೂ ಹೇಳಿದರು. ರಾಜೀವ ಆಗ ಫೋನಿನಲ್ಲಿ ಛತ್ರದವನ ಜೊತೆ ಮಾತಾಡುತ್ತಿದ್ದ.

"ಅರ್ಧಂಬರ್ಧ ಬೇಡ ಡಾಕ್ಟ್ರೇ. ಎಲ್ಲಾ ತೆಗೆದು ಒಂದೇ ಬಣ್ಣದ್ದು ಹಾಕ್ಬಿಡಿ" ಎಂದ, ಫೋನು ಕಿವಿಯಿಂದ ಇಳಿಸದೆ.

ಡಾಕ್ಟರಮ್ಮ ಗಣಪಿಯ ಕಡೆ ತಿರುಗಿದರು. "ಬಾಯಿ ನಿಮ್ಮದು. ನೀವು ಏನು ಹೇಳ್ತೀರಿ?"

ಗಣಪಿ ಮಗನ ಮುಖ ನೋಡಿದಳು. "ಅಂವ ಹೇಳ್ದಾಂಗೆ ಆಗ್ಲಿ" ಎಂದಳು.

ಹಲ್ಲುಗಳು ಕಂತು ಕಂತಾಗಿ ಹೋದವು. ಗಟ್ಟಿ ಇದ್ದವು ಸುಲಭಕ್ಕೆ ಬರಲಿಲ್ಲ, ಅವಕ್ಕೇನು ಗೊತ್ತು ಮದುವೆಯ ಗಡಿಬಿಡಿ. ಕೊನೆಯ ದಿನ ಹತ್ತಿ ಕಚ್ಚಿಕೊಂಡು ಕೂತವಳ ಪಕ್ಕದಲ್ಲಿ ರಾಜೀವ, "ಸೆಟ್ ನಾಳೆ ಸಿಗ್ತದಾ?" ಎಂದು ಕೇಳಿದ. ಮೊಬೈಲಿನ ಒಡೆದ ಗಾಜು ಸಂಜೆಯೊಳಗೆ ಬದಲಾಗುವುದಿಲ್ಲವೇ, ಹಲ್ಲೂ ಹಾಗೇ ಎಂದುಕೊಂಡಿದ್ದ ಪುಣ್ಯಾತ್ಮ. ಡಾಕ್ಟರಮ್ಮ ಮೊದಲೇ ಹೇಳಿದ್ದನ್ನು ಮತ್ತೊಮ್ಮೆ ಹೇಳಿದರು. ಮದುವೆ ಮುಂದಿನ ತಿಂಗಳಿತ್ತು.

ಮನೆಯ ಮೆಟ್ಟಿಲು ಹತ್ತುವಾಗ ರಾಜೀವ, "ಫೋಟೋ ತೆಗೆವಾಗ ಸೆರಗು ಅಡ್ಡ ಹಿಡ್ಕೊ. ಮದ್ವೆ ಮುಗುದ್ಮೇಲೆ ಮೊದ್ಲ ಕೆಲ್ಸ ಅದೇ, ಆತಾ?" ಎಂದ. ಬಾಯಿ ತುಂಬ ಹತ್ತಿ ಇದ್ದುದರಿಂದ ಗಣಪಿ ತಲೆಯಾಡಿಸಿದಳು.

ಹೊನ್ನಾವರದ ಛತ್ರದಲ್ಲಿ ಮದುವೆ ಸಾಂಗವಾಗಿ ಆಯಿತು. ಹೊಸ ರೇಷ್ಮೆ ಸೀರೆಯ ಅರ್ಧ ಸೆರಗು ಗಣಪಿಯ ಬಾಯಿಯ ಮೇಲೆಯೇ ಇತ್ತು. ಬೀಗತಿಗೆ ಏನು ನಾಚಿಕೆ ಎಂದು ಹೆಂಗಸರು ಮೆಚ್ಚಿಕೊಂಡರು. ಆದರೆ ಮಗ ತಾಳಿ ಕಟ್ಟುವಾಗ, ವಾಲಗ ಏರಿ, ಅಕ್ಷತೆ ಹಾರಿದಾಗ, ಅವಳಿಗೆ ಸೆರಗೂ ನೆನಪಿರಲಿಲ್ಲ, ಬಾಯೂ ನೆನಪಿರಲಿಲ್ಲ. ಹೊಟ್ಟೆಯಿಂದ ಬಂದ ನಗು ಮುಖವೆಲ್ಲ ಹರಡಿತು. ಫೋಟೋದವನು ಸರಿಯಾಗಿ ಆಗಲೇ ಕ್ಲಿಕ್ಕಿಸಿದ.

ಮದುವೆಯ ಮೇಲೆ ಸತ್ಯನಾರಾಯಣ ಕತೆ ಬಂತು, ಹೊಸ ಜೋಡಿಯ ತಿರುಗಾಟ ಬಂತು, ಸೊಸೈಟಿಯ ಲೆಕ್ಕ ತಪಾಸಣೆ ಬಂತು. ಗಣಪಿಯ ಹಲ್ಲು ಬರಲಿಲ್ಲ. ಅವಳು ಮತ್ತೆ ಬುಟ್ಟಿ ಹೊತ್ತು ಕೇರಿಗೆ ಹೋದಳು, ಆದರೆ ಕೂಗು ಬರೇ ಗಾಳಿಯಾಗಿ ಹೊರಟು ಬೆಕ್ಕುಗಳು ಸಹ ಎದ್ದು ಬರಲಿಲ್ಲ. ಹಲ್ಲಿಲ್ಲದ ಬಾಯಿಂದ ಬೈದರೆ ಬೈಗುಳವೂ ಮೆತ್ತಗಾಗುತ್ತದೆ. ಅವಳ ನಾಲಿಗೆಗೆ ಹೆದರಿ ಹೇಳಿದ ದರ ಕೊಡುತ್ತಿದ್ದವರೇ ಈಗ ನಕ್ಕು ಅರ್ಧಕ್ಕೆ ಕೇಳತೊಡಗಿದರು. ಒಂದು ದಿನ ಅವಳು ಬುಟ್ಟಿಯನ್ನು ತೊಳೆದು ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದಳು. ರಾಜೀವನಿಗೆ ಅದೂ ಒಳ್ಳೆಯದೇ ಆಯಿತು. ಬೀಗರ ಎದುರು ತಾಯಿ ಮೀನು ಮಾರುತ್ತಾಳೆ ಎನ್ನುವುದು ಅವನಿಗೆ ಇರಿಸುಮುರಿಸಾಗಿತ್ತು.

ಊಟವೆಂದರೆ ಗಂಜಿ. ಸಂಪದಾ ಒಳ್ಳೆಯ ಹುಡುಗಿ, ಕೇಳದೆಯೇ ಅನ್ನವನ್ನು ಮೆತ್ತಗೆ ಬೇಯಿಸಿ ಕೊಡುತ್ತಿದ್ದಳು. ಆದರೆ ಅತ್ತೆಯ ಹಲ್ಲಿನ ಸುದ್ದಿಯನ್ನು ಮಾತ್ರ ಎತ್ತುತ್ತಿರಲಿಲ್ಲ. ಹುಡುಗಿಗೆ ಸಂಕೋಚ ಇದ್ದೀತು ಎಂದು ಗಣಪಿ ಸುಮ್ಮನಿದ್ದಳು. ಮೀನು ಮಾರಿಯೇ ಬದುಕು ಕಟ್ಟಿದವಳಿಗೆ ಮನೆಯಲ್ಲಿ ಹುರಿದ ಮೀನಿನ ವಾಸನೆಯಷ್ಟೇ ಪಾಲಿಗೆ ಬಂತು.

"ತಮಾ, ವಸಡು ಗಟ್ಟಿ ಆತು ನೋಡು" ಎಂದು ಅವಳು ಒಮ್ಮೆ ಬೆರಳಲ್ಲಿ ಒತ್ತಿ ತೋರಿಸಿದಳು.

"ಮುಂದಿನ ವಾರ ಹೋಗುವ ಆಯಿ."

ಮುಂದಿನ ವಾರ ಬಂದದ್ದು ಮದುವೆಯ ಆಲ್ಬಮ್ಮು. ಅದರ ಜೊತೆಗೆ ದೊಡ್ಡದೊಂದು ಕಟ್ಟು ಹಾಕಿದ ಪಟ: ನಡುವೆ ಮದುಮಕ್ಕಳು, ಪಕ್ಕದಲ್ಲಿ ನಗುತ್ತಿರುವ ಗಣಪಿ. ನಗು ಅವಳದೇ, ಸೀರೆ ಅವಳದೇ. ಬಾಯಲ್ಲಿ ಮಾತ್ರ ಬೆಳ್ಳಗೆ, ಸಾಲಾಗಿ, ಒಂದೂ ಸೊಟ್ಟವಿಲ್ಲದ ಹಲ್ಲು!

"ಇದು ಯಾರ ಹಲ್ಲೋ?" ಎಂದು ಗಣಪಿ ಬೆರಗಾದಳು.

"ನಿಂದೇ ಆಯಿ! ಕಂಪ್ಯೂಟರಲ್ಲಿ ಕೂರ್ಸಿದ್ದು. ಗೊತ್ತೇ ಆಗುದಿಲ್ಲ, ಅಲ್ವಾ?"

ಗಣಪಿ ಹತ್ತಿರ ಹೋಗಿ ನೋಡಿದಳು, ದೂರ ನಿಂತು ನೋಡಿದಳು. ಆ ದಿನ ತಾನು ಮೈಮರೆತು ನಕ್ಕದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಬದುಕಿನಲ್ಲಿ ಅಂಥ ನಗು ಎಷ್ಟು ಸಲ ಬಂದೀತು? ಅದರ ಬಾಯಿಗೂ ಯಾರದೋ ಹಲ್ಲು ತುರುಕಿದ್ದರು.

ಪಟವನ್ನು ರಾಜೀವ ಜಗಲಿಗೆ ತಾಗಿದ ದೊಡ್ಡ ಕೋಣೆಯಲ್ಲಿ, ಅಪ್ಪನ ಪಟದ ಪಕ್ಕದಲ್ಲೇ ತೂಗುಹಾಕಿದ. ಅಪ್ಪ ವೆಂಕಟ್ರಮಣನ ಪಟದ ಕೆಳಗೆ ಒಂದು ಮಣೆ ಇತ್ತು. ವರ್ಷಕ್ಕೊಮ್ಮೆ ಅವನು ಹೋದ ದಿನ ಗಣಪಿ ಬಾಳೆಲೆಯಲ್ಲಿ ಅನ್ನ, ಹುರಿದ ಮೀನು, ಚಿಟಿಕೆ ಉಪ್ಪು ಬಡಿಸಿ, ಲೋಟದಲ್ಲಿ ನೀರಿಟ್ಟು, ಆ ಮಣೆಯ ಮೇಲೆ ಎಡೆ ಇಡುತ್ತಿದ್ದಳು. ಎಡೆ ಇಟ್ಟ ಮೇಲೆ ಎಲ್ಲರೂ ಹೊರಗೆ ಹೋಗಿ ಬಾಗಿಲು ಮುಚ್ಚಬೇಕು. ಸತ್ತವರು ಉಣ್ಣುವುದನ್ನು ಬದುಕಿದವರು ನೋಡಬಾರದು.

"ಪಟಕ್ಕೆ ಹಲ್ಲು ಬಂತು. ನಂಗೆ ಯಾವಾಗ?" ಎಂದು ಅವಳು ಅದೇ ದಿನ ಕೇಳಿದಳು.

ರಾಜೀವ ಮೊಳೆ ಹೊಡೆದ ಸುತ್ತಿಗೆಯನ್ನು ಒಳಗಿಡುತ್ತಿದ್ದ. "ಈಗೆಂತ ಅವಸರ ಆಯಿ? ಮದ್ವೆ ಮುಗಿತಲ್ಲ. ನಿಂಗೆ ಎಲ್ಲಿಗೆ ಹೋಗೂದದೆ?" ಎಂದ. ಕೆಟ್ಟ ಮನಸ್ಸಿನಿಂದಲ್ಲ, ಇದನ್ನೂ ಹೇಳಿಬಿಡಬೇಕು. ಅವನಿಗೆ ನಿಜವಾಗಿಯೂ ಹಾಗೆಯೇ ಅನ್ನಿಸಿತ್ತು. ಕೆಟ್ಟ ಮನಸ್ಸಿನಿಂದ ಅಂದಿದ್ದರೆ ಗಣಪಿಗೆ ಇಷ್ಟು ನೋಯುತ್ತಿರಲಿಲ್ಲ.

ಬಸ್ಸು ಹತ್ತಿ ತಾನೇ ಕುಮಟಾಕ್ಕೆ ಹೋಗಿ ಡಾಕ್ಟರಮ್ಮನ ಎದುರು ಬಾಯಿ ತೆರೆಯುವುದು ಅವಳಿಗೇನೂ ದೊಡ್ಡದಾಗಿರಲಿಲ್ಲ. ಊರೂರು ತಿರುಗಿದ ಕಾಲು. ಆದರೆ ಹಟ ಹಿಡಿದಳು. ಕೀಳಿಸಿದವನು ಅವನು, ಅವನೇ ಹಾಕಿಸಿಕೊಡಲಿ. ಹಲ್ಲಿಲ್ಲದೆ ಸಾಯುವವರೆಗೂ ಇದ್ದೇನು, ಮಗ ಕೊಟ್ಟ ಮಾತು ತಪ್ಪಿದರೆ ಹೇಗಿರಲಿ ಎಂದು ಒಬ್ಬಳೇ ಕೂತಾಗ ಅಂದುಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಜಾಲಿಯ ಬೀಗರು ಊಟಕ್ಕೆ ಬರುವುದೆಂದಾಯಿತು. ಗಣಪಿ ಬೆಳಿಗ್ಗೆಯೇ ತದಡಿಗೆ ಹೋಗಿ ತನ್ನ ಹಳೆಯ ಸಲಿಗೆಯಲ್ಲಿ ಒಳ್ಳೆಯ ಇಸ್ವಾಣ ಮೀನು ಆರಿಸಿ ತಂದಳು. ತಾನೇ ಕೊಯ್ದಳು, ತಾನೇ ಮಸಾಲೆ ಹಚ್ಚಿದಳು, ರವೆಯಲ್ಲಿ ಹೊರಳಿಸಿ ಹುರಿದಳು. ಉಪ್ಪು ಸರಿಯಿದೆಯೇ ಎಂದು ನಾಲಿಗೆಯ ತುದಿಗೆ ಹಚ್ಚಿ ನೋಡಿದಳು, ಅಷ್ಟೆ.

ದೊಡ್ಡ ಕೋಣೆಯಲ್ಲಿ ಬಾಳೆಲೆ ಹಾಕಿದರು. ಸಂಪದಾಳ ತಾಯಿ ನರ್ಮದಾ ಗಟ್ಟಿ ಬಾಯಿಯ, ಒಳ್ಳೆಯ ಮನಸ್ಸಿನ ಹೆಂಗಸು. ಗಣಪಿಯನ್ನು ಕೈ ಹಿಡಿದು ಎಳೆದು ತನ್ನ ಪಕ್ಕದಲ್ಲೇ ಕೂರಿಸಿಕೊಂಡು, ದಪ್ಪನೆಯ ತುಂಡೊಂದನ್ನು ತಾನೇ ಅವಳ ಎಲೆಗೆ ಹಾಕಿದಳು.

"ನಂಗೆ ಗಂಜಿ ಸಾಕು" ಎಂದಳು ಗಣಪಿ.

"ಇದೆಂತ ಹಟ ಗಣಪಕ್ಕಾ? ಮಗ ಅಷ್ಟು ಆಸೆ ಮಾಡಿ ಹಲ್ಲು ಕಟ್ಟಿಸಿ ಕೊಟ್ಟಿದ್ದ. ನೀವು ಕಿರಿಕಿರಿ ಆತ್ತು ಅಂತ ಡಬ್ಬಿಯಲ್ಲಿ ಹಾಕಿ ಇಟ್ಟಿದ್ರಂತೆ! ಫೋಟೋದಲ್ಲಿ ಎಷ್ಟು ಚಂದ ಕಾಣ್ತ್ರಿ ಮಾರಾಯ್ತಿ. ಹೋಗಿ, ಹಾಕ್ಕಂಡು ಬನ್ನಿ."

ಗಣಪಿಗೆ ಮೊದಲು ಅರ್ಥವೇ ಆಗಲಿಲ್ಲ. ಮಗನ ಕಡೆ ನೋಡಿದಳು. ರಾಜೀವ ಅನ್ನ ಕಲಸುವುದರಲ್ಲಿ ಮುಳುಗಿದ್ದ. ಸೊಸೆಯ ಕಡೆ ನೋಡಿದಳು.

"ಇವ್ರೇ ಹೇಳಿದ್ರು ಅತ್ತೆ" ಎಂದಳು ಸಂಪದಾ ಸಣ್ಣ ದನಿಯಲ್ಲಿ. "ಹಲ್ಲಿನ ಸುದ್ದಿ ತೆಗೆದ್ರೆ ನಿಮ್ಗೆ ಸಿಟ್ಟು ಬರ್ತದೆ, ಕೇಳ್ಬೇಡ ಅಂದ್ರು."

ಸೊಸೆ ಇಷ್ಟು ದಿನ ಬಾಯಿ ಮುಚ್ಚಿಕೊಂಡದ್ದು ಯಾಕೆಂದು ಗಣಪಿಗೆ ಈಗ ತಿಳಿಯಿತು. ಹಲ್ಲು ಕೊಡದೆ ಇದ್ದದ್ದನ್ನು ಅವಳು ಹೇಗೋ ನುಂಗಿಕೊಂಡಿದ್ದಳು. ಹೆತ್ತ ಮಗನೇ, ಕೊಟ್ಟದ್ದನ್ನೂ ಒಲ್ಲದ ಸೊಕ್ಕಿನ ಮುದುಕಿ ಎಂದು ತನ್ನ ಬಗ್ಗೆ ಊರೆಲ್ಲ ಹೇಳಿಕೊಂಡು ತಿರುಗಿದ್ದಾನೆ, ಇದು ಗಂಟಲಲ್ಲಿ ಇಳಿಯಲಿಲ್ಲ. ಅಳು ಬರುತ್ತದೆ ಎಂದುಕೊಂಡಳು. ಬಂದದ್ದು ಸಿಟ್ಟು, ಕೇರಿಯ ತಲೆಯಲ್ಲಿ ನಿಂತು ಕೂಗುತ್ತಿದ್ದ ಕಾಲದ ಹಳೆಯ ಸಿಟ್ಟು.

ಅವಳು ಎದ್ದಳು. ಗಂಡನ ಪಟದ ಕೆಳಗಿದ್ದ ಮಣೆಯನ್ನು ಪಕ್ಕಕ್ಕೆ ಎಳೆದು ಮದುವೆಯ ಪಟದ ಕೆಳಗಿಟ್ಟಳು. ತನ್ನ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿ ತಂದು ಅದರ ಮೇಲೆ ಹಾಸಿದಳು. ಮೀನಿನ ತುಂಡನ್ನು ಸರಿಯಾಗಿ ನಡುವಿಗಿಟ್ಟಳು, ಚಿಟಿಕೆ ಉಪ್ಪು ಹಾಕಿದಳು, ನೀರಿನ ಲೋಟ ಇಟ್ಟಳು. ನರ್ಮದಾಳ ಕೈಯಲ್ಲಿದ್ದ ತುತ್ತು ಎಲೆಗೆ ಬಿತ್ತು. ಬದುಕಿದವರ ಪಟಕ್ಕೆ ಎಡೆ ಇಡುವುದನ್ನು ಅಲ್ಲಿ ಯಾರೂ ಕಂಡಿರಲಿಲ್ಲ.

"ಆಯಿ! ಎಂತ ಮಾಡ್ತೆ ನೀನು? ಹುಚ್ಚು ಹಿಡೀತಾ?" ರಾಜೀವ ಎಂಜಲು ಕೈಯಲ್ಲೇ ಎದ್ದು ನಿಂತ.

"ನೀ ಹಲ್ಲು ಕಟ್ಟಿಸ್ದದ್ದು ಇವ್ಳಿಗಲ್ವಾ? ಇವ್ಳೇ ತಿನ್ಲಿ" ಎಂದಳು ಗಣಪಿ. ಪಟದ ಕಡೆ ತಿರುಗಿ ಕೈಮುಗಿದಳು. "ಉಣ್ಣೇ ತಂಗಿ. ಬಿಸಿ ಅದೆ."

ಆಮೇಲೆ ಬೀಗರ ಕಡೆ ನೋಡಿ, "ನೀವೂ ಏಳ್ಬೇಕು. ಬೇಜಾರು ಮಾಡ್ಕಣಬ್ಯಾಡಿ. ಎಡೆ ಇಟ್ಮೇಲೆ ಒಳಗೆ ಇರೂಕಾಗ" ಎಂದಳು. ಅವಳ ದನಿಯಲ್ಲಿ ಏನಿತ್ತೋ, ಬಟ್ಟೆ ಅಂಗಡಿಯ ಬೀಗನೇ ಮೊದಲು ಎದ್ದ. ಹಿಂದೆ ನರ್ಮದಾ, ಅವಳ ಹಿಂದೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಸಂಪದಾ. ಎಂಜಲು ಕೈಯಲ್ಲಿ ಎಲ್ಲರೂ ಜಗಲಿಗೆ ಬಂದು ನಿಂತರು. ಗಣಪಿ ಕೊನೆಗೆ ಬಂದು ಬಾಗಿಲು ಎಳೆದು ಚಿಲಕ ಹಾಕಿದಳು.

ಹೆದ್ದಾರಿಯಲ್ಲಿ ಲಾರಿಗಳು ಹೋಗುವ ಸದ್ದು ಕೇಳುತ್ತಿತ್ತು. ನರ್ಮದಾ ಅಳಿಯನನ್ನು ಒಮ್ಮೆ ಕೆಳಗಿನಿಂದ ಮೇಲಿನವರೆಗೆ ನೋಡಿ ಮುಖ ತಿರುಗಿಸಿದಳು. ಅದನ್ನು ತಾಳಲಾರದೆ ರಾಜೀವ ಚಿಲಕಕ್ಕೆ ಕೈ ಹಾಕಿದ.

"ಆತಲ್ಲ ಆಯಿ, ಸಾಕು. ನಾಳೆನೇ ಕುಮಟಾಕ್ಕೆ ಹೋಗುವ. ತೆಗಿ ಬಾಗ್ಲ."

ಗಣಪಿ ಅವನ ಕೈಯನ್ನು ಚಿಲಕದಿಂದ ಬಿಡಿಸಿದಳು.

"ತಡಿ ತಮಾ" ಎಂದಳು. "ಹಲ್ಲಿದ್ದವ್ರು ಅಗುದು ಉಣ್ತ್ರು. ಹೊತ್ತು ಹಿಡೀತದೆ."