ಜೇಬಿನಲ್ಲಿದ್ದ ಒಂದು ಗೆರೆ

ಆಸ್ಪತ್ರೆಯಿಂದ ತಮ್ಮನ ಸಾವಿನ ಸುದ್ದಿ ಬಂದ ದಿನ, ಹಿಂದೆಯೇ ಅವನ ಅಂಗಿಯೂ ಬಂತು. ಬಣ್ಣದ ಕಲೆಗಳ ಆ ಅಂಗಿಯ ಜೇಬಿನಲ್ಲಿ ಅಕ್ಕನ ಕೈಗೆ ಸಿಕ್ಕಿದ್ದು ಮಲೇರಿಯಾ ಪರೀಕ್ಷೆಯ ಕಿಟ್. ಬೆರಳುದ್ದದ ಪ್ಲಾಸ್ಟಿಕ್ ಪಟ್ಟಿ, ಅದರ ಮೇಲೆ ಒಂದೇ ಗೆರೆ.

ಜ್ವರದ ಮೊದಲ ದಿನ ಔಷಧಿ ಅಂಗಡಿಯಲ್ಲಿ ಪರೀಕ್ಷೆ ಮಾಡಿಸಿಕೊಂಡಿದ್ದ. "ಎರಡು ಗೆರೆ ಬಂದ್ರೆ ಮಲೇರಿಯಾ. ನಂಗೆ ಒಂದೇ. ಪಾಸಾದೆ ಬಿಡಕ್ಕ" ಎಂದು ನಕ್ಕಿದ್ದ. ಆಮೇಲೆ ಆಸ್ಪತ್ರೆಗೆ ಹೋಗು ಎಂದವರಿಗೆಲ್ಲ ಅದನ್ನೇ ತೆಗೆದು ತೋರಿಸುತ್ತ, ಐದು ದಿನ ಜ್ವರದಲ್ಲೇ ಗೋಡೆಗಳಿಗೆ ಬಣ್ಣ ಬಳಿದ. ಆರನೆಯ ದಿನ ಏಣಿ ಹತ್ತಲು ಆಗಲಿಲ್ಲ. ಆಸ್ಪತ್ರೆಗೆ ಸೇರಿಸಿದಾಗ ಅದು ಮಲೇರಿಯಾವೇ ಎಂದು ತಿಳಿಯಿತು, ಆದರೆ ತಡವಾಗಿತ್ತು.

ತಿಂಗಳು ಕಳೆಯುವಷ್ಟರಲ್ಲಿ ಅಕ್ಕನ ಮಗಳಿಗೆ ಚಳಿಜ್ವರ. ಮನೆಗೆ ಬಂದ ನರ್ಸಮ್ಮ ಬೆರಳು ಚುಚ್ಚಿ ಕಿಟ್‌ಗೆ ರಕ್ತ ಹಾಕಿದಳು. ಕಾಲು ಗಂಟೆಗೆ ಒಂದೇ ಗೆರೆ.

ಅಂಗಡಿಗಳಿಗೆ ಅಕ್ಕಿ ಹಸನು ಮಾಡಿಕೊಡುವುದು ಅಕ್ಕನ ಕೆಲಸ. ಮೊರದಿಂದ ತಲೆ ಎತ್ತದೆ ಹೇಳಿದಳು: "ನನ್ನ ತಮ್ಮನ್ನ ತಿಂದಿದ್ದು ಇದೇ ಗೆರೆ. ಎತ್ಕೊಂಡು ಹೋಗಮ್ಮ. ಜಗಳ ಆಡೋಕೂ ತ್ರಾಣ ಇಲ್ಲ."

"ಜಗಳ ಬೇಡಕ್ಕ. ಅಕ್ಕಿ ಜರಡಿ ಹಿಡಿದಾಯ್ತಲ್ಲ, ಮತ್ಯಾಕೆ ಆರಿಸ್ತಿದೀರಿ?"

"ಅಕ್ಕಿ ಗಾತ್ರದ ಕಲ್ಲು ಜರಡೀಲಿ ಹೋಗುತ್ತಾ? ಅದಕ್ಕೆ ಕಣ್ಣೇ ಬೇಕು."

"ಹಾಗಾದ್ರೆ ಜರಡಿ ಬಿಸಾಕಿ."

"ಚೆನ್ನಾಗಿ ಹೇಳ್ದೆ. ಮೂಟೆಗಟ್ಟಲೆ ಕೈಯಲ್ಲೇ ಆರಿಸ್ತಾ ಕೂತ್ರೆ ಮುಗಿದ ಹಾಗೇ."

"ಈ ಕಿಟ್ಟೂ ಜರಡೀನೇ ಅಕ್ಕ. ಎಲ್ಲಿಗೆ ಬೇಕಾದ್ರೂ ಒಯ್ಯಬಹುದು, ಬೇಗ ಹೇಳುತ್ತೆ. ಎರಡು ಗೆರೆ ಬಂದ್ರೆ ಅವತ್ತೇ ಮಾತ್ರೆ. ಆದ್ರೆ ರೋಗಾಣು ಕಡಿಮೆ ಇದ್ರೆ ಕೈ ತಪ್ಪುತ್ತೆ. ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡೋದು ಆರಿಸಿದ ಹಾಗೆ. ಪಳಗಿದ ಕಣ್ಣು ಬೇಕು, ಹೊತ್ತೂ ಬೇಕು. ಯಾವ ಬಗೆಯ ಮಲೇರಿಯಾ, ಎಷ್ಟಿದೆ ಅಂತ ಗೊತ್ತಾಗುತ್ತೆ. ಅಲ್ಲೂ ಒಂದೇ ಸಲಕ್ಕೆ ಸಿಗದೆ ಇರಬಹುದು, ಮತ್ತೆ ನೋಡ್ಬೇಕು. ಕಿಟ್ ಹೇಳಿದ್ದು ಅವತ್ತಿನ ಮಾತು ಅವತ್ತಿಗೆ. ನಿಮ್ಮ ತಮ್ಮ ಅದನ್ನ ಐದು ದಿನ ಜೇಬಲ್ಲಿಟ್ಟುಕೊಂಡ."

ಅಕ್ಕ ಮೊರ ಕೆಳಗಿಟ್ಟಳು. ಮಗಳನ್ನು ಎಬ್ಬಿಸಿ, ಆಸ್ಪತ್ರೆಗೆ ಹೊರಡಲು ಚಪ್ಪಲಿ ಹಾಕಿಸಿದಳು.

ಸಂಜೆಗೆ ಗಾಜಿನ ಮೇಲೆ ರೋಗಾಣು ಕಂಡಿತು. ಅಂದೇ ಔಷಧಿ ಶುರುವಾಯಿತು. ಮಗಳು ಈಗ ಎದ್ದು ಓಡಾಡುತ್ತಿದ್ದಾಳೆ.

ತಾಯಂದಿರೇ, ಅಣ್ಣತಮ್ಮಂದಿರೇ, ಜ್ವರ ಬಂದ ದಿನವೇ ರಕ್ತ ಪರೀಕ್ಷೆ ಮಾಡಿಸಿ. ಎರಡು ಗೆರೆ ಬಂದರೆ ತಡಮಾಡದೆ ಔಷಧಿ ಪಡೆದು ಪೂರ್ತಿ ಮುಗಿಸಿ. ಒಂದೇ ಗೆರೆ ಬಂದು ಜ್ವರ ಬಿಡದಿದ್ದರೆ ಮತ್ತೆ ಹೋಗಿ, ಗಾಜಿನ ಪರೀಕ್ಷೆ ಕೇಳಿ. ನಿನ್ನೆಯ ಗೆರೆಯನ್ನು ನಂಬಿ ಇಂದಿನ ಜ್ವರವನ್ನು ಹೊತ್ತು ತಿರುಗಬೇಡಿ.

ಬಣ್ಣ ಬಳಿದು ಎಷ್ಟೋ ಜನರ ಮನೆ ಬೆಳಗಿಸಿದ ಕೈ ಆ ತಮ್ಮನದು. ದೇವರೇ, ದಣಿದು ಬಂದ ಆ ಜೀವಕ್ಕೆ ನಿನ್ನ ನೆರಳಿನಲ್ಲಿ ಶಾಂತಿ ಕೊಡು.