ಓದಿ ಅರ್ಥಮಾಡಿಕೊಂಡಿದ್ದೇನೆ

"ಮೂಸಾಕ, ಇವತ್ತು ಮೊದಲು ನೀವು. ನಾಲ್ಕನೇ ಹಾಳೆ ತೆಗೆಯಿರಿ," ಎಂದು ಮಾಜಿದಾ ಹೆಡ್‌ಫೋನಿನ ಮೈಕನ್ನು ತುಟಿಯ ಹತ್ತಿರ ಎಳೆದುಕೊಂಡಳು.

"ನಾನು ಯಾವಾಗಲೂ ಕಡೆಗೆ ಅಲ್ವಾ ಟೀಚರ್? ಚಿಕ್ಕವರು ಓದಲಿ."

"ಚಿಕ್ಕವರಿಗೆ ಅಹಂಕಾರ ಬಂದಿದೆ. ನೀವೇ ಓದಿ."

ಕಡಲಾಚೆ ಜುಬೈಲಿನ ಕಾರ್ಮಿಕರ ಕ್ಯಾಂಪಿನ ಕೋಣೆಯಲ್ಲಿ ಹಾಳೆ ಮಗುಚಿದ ಸದ್ದು ಕೇಳಿಸಿತು. ಆಮೇಲೆ ಮೂಸಾಕನ ದಪ್ಪ ಸ್ವರ ಒಂದೇ ಹರಿವಿನಲ್ಲಿ ಬಂತು. ಪ್ಯಾನೆಲ್ ನಂಬರು, ವೋಲ್ಟೇಜು, ಮೈನ್ ಸ್ವಿಚ್ ಆಫ್ ಮಾಡಿದ ಹೊತ್ತು, ಬೀಗ ಹಾಕಿದವನ ಹೆಸರು. ಇಂಗ್ಲಿಷಿನ ಒಂದು ಪದಕ್ಕೂ ತಡವರಿಸಲಿಲ್ಲ. ಆದರೆ ಅದು ನಾಲ್ಕನೇ ಹಾಳೆಯಲ್ಲ. ಹೋದ ಶುಕ್ರವಾರ ಓದಿಸಿದ ಮೂರನೆಯದು.

ಮಾಜಿದಾಳ ಎದುರಿನ ಹಾಳೆಯ ಮೇಲೆ ಪೆನ್ಸಿಲು ನಿಂತಿತು. "ಸರಿ. ಈಗ ಕೊನೆಯ ಸಾಲು ಒಂದನ್ನೇ ಓದಿ."

ಯಾರೋ ಪಿಸುಗುಟ್ಟಿದರು.

"ಫೈಝಲ್, ನೀನು ಬಾಯಿ ಮುಚ್ಚು."

"ನಾನು ಕೆಮ್ಮಿದ್ದು ಟೀಚರ್."

"ನಿನಗೆ ಇಂಗ್ಲಿಷಿನಲ್ಲಿ ಕೆಮ್ಮು ಬರ್ತದಾ?"

ಏಳು ಗಂಡಸರ ಕೋಣೆ ನಕ್ಕಿತು. ಆ ನಗುವಿನಲ್ಲಿ ಮೂಸಾಕನ ಸ್ವರ ಮಾತ್ರ ಇರಲಿಲ್ಲ.

ಬಂಟ್ವಾಳ ಪೇಟೆಯಲ್ಲಿ ಅಣ್ಣ ಅಝೀಮ್ ಇಟ್ಟಿದ್ದ ಸೈಬರ್ ಸೆಂಟರಿನ ಮೂಲೆಯ ಕಂಪ್ಯೂಟರಿನಲ್ಲಿ ಮಾಜಿದಾ ಈ ತರಗತಿ ಶುರುಮಾಡಿ ಹತ್ತು ಶುಕ್ರವಾರಗಳಾಗಿದ್ದವು. ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಎರಡು ವರ್ಷ ಕೆಲಸವಿಲ್ಲದೆ ಕೂತವಳಿಗೆ ಇದನ್ನು ಒದಗಿಸಿದವರು ಆ ಕ್ಯಾಂಪಿನ ಸೂಪರ್‌ವೈಸರ್, ಮಡಂತ್ಯಾರಿನ ಕುಶಾಲಪ್ಪ. ಇನ್ನು ಮುಂದೆ ಪರ್ಮಿಟ್ ಓದಲು ಬಾರದವರು ಪ್ಯಾನೆಲ್ ಮುಟ್ಟಕೂಡದು ಎಂದು ಕಂಪನಿ ಹೊಸ ನಿಯಮ ತಂದಿತ್ತು. ಯಾವ ಸ್ವಿಚ್ ಆರಿಸಿದ್ದಾರೆ, ಯಾರು ಆರಿಸಿದ್ದಾರೆ, ಎಷ್ಟು ಹೊತ್ತಿಗೆ ಎಂಬುದೆಲ್ಲ ಬರೆದಿರುವ ಅನುಮತಿ ಪತ್ರ ಅದು. ಊರಿಗೆ ಬಂದುಹೋಗುವವರ ಕೈಯಲ್ಲಿ ಅವಳು ಅದರ ಜೆರಾಕ್ಸ್ ಪ್ರತಿಗಳನ್ನು ಕಳಿಸಿದ್ದಳು. ಅವಳಿಗೆ ಅವರ ಮುಖ ಕಾಣುತ್ತಿರಲಿಲ್ಲ, ಅವರ ಹಾಳೆಯೂ ಕಾಣುತ್ತಿರಲಿಲ್ಲ. ಕೇಳುತ್ತಿದ್ದದ್ದು ಸ್ವರ ಮಾತ್ರ.

"ಫೋರ್ಮನ್‌ನನ್ನು ಕೇಳಬೇಡಿ, ಪಕ್ಕದವನನ್ನು ಕೇಳಬೇಡಿ. ಕಾಗದವನ್ನು ಕೇಳಿ. ಅದು ಸುಳ್ಳು ಹೇಳುವುದಿಲ್ಲ," ಎಂದು ಅವಳು ಪ್ರತಿ ವಾರ ಹೇಳುತ್ತಿದ್ದಳು. ಹಾಗೆ ಹೇಳುವಾಗ ತನ್ನ ಸ್ವರ ತನಗೇ ಇಷ್ಟವಾಗುತ್ತಿತ್ತು.

ಈಗ ಅವಳಿಗೆ ಅರ್ಥವಾಯಿತು. ಹಿರಿಯರು ಎಂಬ ಮರ್ಯಾದೆಯಿಂದ ಯಾರೂ ಪ್ರಶ್ನಿಸದೆ, ಮೂಸಾಕ ಪ್ರತಿ ಸಲ ಕೊನೆಗೆ ಓದಿದ್ದರು. ಆರು ಜನ ಓದಿದ್ದನ್ನು ಆರು ಸಲ ಕೇಳಿ, ಏಳನೆಯವರಾಗಿ ಒಪ್ಪಿಸಿದ್ದರು. ಎಳವೆಯಲ್ಲಿ ಮದ್ರಸದಲ್ಲಿ ಕಲಿತ ಹಾಗೆ, ಕಿವಿಯಿಂದ ಎದೆಗೆ. ಅದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಅಕ್ಷರಗಳು ಮಾತ್ರ ಹಾಳೆಯ ಮೇಲೆ ಇದ್ದಲ್ಲೇ ಇದ್ದವು.

ಪರೀಕ್ಷೆ ಮುಂದಿನ ಶುಕ್ರವಾರ. ಮಾಜಿದಾ ಒಬ್ಬೊಬ್ಬರನ್ನೂ ಓದಿಸಿ ಹೌದು ಅಥವಾ ಇಲ್ಲ ಎನ್ನಬೇಕು. ಕುಶಾಲಪ್ಪ ಅದನ್ನೇ ಕಂಪನಿಗೆ ಬರೆದುಕೊಡುತ್ತಾರೆ.

ಎರಡು ದಿನ ಕಳೆದು ಮಧ್ಯಾಹ್ನ ಮೂಸಾಕನ ಹೆಂಡತಿ ಸಫಿಯಮ್ಮ ಬಂದರು. ಎರಡು ಮನೆ ಆಚೆಯವರು. ಬುರ್ಕಾ ತೆಗೆಯದೆ ಜಗಲಿಯಲ್ಲೇ ಕೂತರು.

"ಅವರು ಫೋನಿನಲ್ಲಿ ಅತ್ತರು ಮೋಳೇ. ಹತ್ತೊಂಬತ್ತು ವರ್ಷದಲ್ಲಿ ಅವರು ಅತ್ತದ್ದು ನಾನು ಕೇಳಿದ್ದಿಲ್ಲ."

"ನಾನು ಬೈಯಲಿಲ್ಲ ಸಫಿಯಮ್ಮ."

"ಬೈದಿದ್ದರೆ ಒಳ್ಳೆದಿತ್ತು. ನೀನು ಸುಮ್ಮನಾದೆಯಂತೆ. ಅದಕ್ಕೇ ಹೆದರಿದ್ದಾರೆ. ಪ್ಯಾನೆಲ್ ಕೆಲಸ ತಪ್ಪಿದರೆ ಈ ವೀಸಾ ಮತ್ತೆ ಆಗುವುದಿಲ್ಲ. ಇಲ್ಲಿ ಬಂದು ಏನು ಮಾಡ್ತಾರೆ ಅವರು? ಇಲ್ಲಿ ಅವರಿಗೆ ಬಸ್ಸು ಯಾವುದು ಎಲ್ಲಿಗೆ ಹೋಗ್ತದೆ ಅಂತ ಸಹ ಗೊತ್ತಿಲ್ಲ."

"ಲೈವ್, ಅಂದರೆ ಕರೆಂಟು ಉಂಟು ಅಂತ ಬರೆದ ಪ್ಯಾನೆಲನ್ನು ಓದದೆ ತೆರೆದರೆ ಏನಾಗ್ತದೆ, ನಿಮಗೆ ಗೊತ್ತುಂಟಾ?"

"ಹತ್ತೊಂಬತ್ತು ವರ್ಷ ಏನೂ ಆಗಲಿಲ್ಲವಲ್ಲ." ಸಫಿಯಮ್ಮ ಎದ್ದರು. "ಒಂದು ಹೌದು. ನಿನ್ನ ಬಾಯಿಂದ ಒಂದೇ ಮಾತು. ಅದಕ್ಕೂ ನಿನಗೆ ಭಾರವಾ?"

ಶುಕ್ರವಾರ ಆರು ಜನ ಓದಿದರು. ಫೈಝಲ್ ಎಲ್ಲರಿಗಿಂತ ಚೆನ್ನಾಗಿ ಓದಿದ. ತೋಡಾರಿನ ಹುಡುಗ, ಇಪ್ಪತ್ತನಾಲ್ಕು ವಯಸ್ಸು. ಹಾಳೆ ಮುಗಿದ ಮೇಲೆ, "ಟೀಚರ್, ಈಗ ಬಿಸ್ಕತ್ತಿನ ಪ್ಯಾಕೆಟ್ಟೂ ಬಿಡುವುದಿಲ್ಲ ನಾನು. ಒಳಗೆ ಏನೆಲ್ಲ ಹಾಕ್ತಾರೆ ಅಂತ ಓದಿ ಓದಿ ತಿನ್ನುವ ಆಸೆಯೇ ಹೋಗಿದೆ," ಎಂದ. ಮೂಸಾಕನಿಗೆ ಅವಳು ಮೊದಲು ಕಳಿಸಿರದ ಹಾಳೆಯನ್ನು ಕುಶಾಲಪ್ಪನಿಂದ ಕೊಡಿಸಿದಳು. ತುಂಬ ಹೊತ್ತು ಫ್ಯಾನಿನ ಸದ್ದು ಮಾತ್ರ ಕೇಳಿಸಿತು.

"ಕುಶಾಲಣ್ಣ," ಎಂದಳು ಮಾಜಿದಾ. "ಆರು ಹೌದು. ಒಂದು ಇಲ್ಲ."

"ಆಯ್ತು ಟೀಚರ್," ಎಂದದ್ದು ಕುಶಾಲಪ್ಪನಲ್ಲ, ಮೂಸಾಕ. "ನೀವು ಸರಿಯೇ ಹೇಳಿದ್ದು."

ಎರಡು ತಿಂಗಳು ಹೆಲ್ಪರ್ ಕೆಲಸ ಮಾಡಿ, ವೀಸಾ ಮುಗಿದು, ಮೂಸಾಕ ಊರಿಗೆ ಬಂದರು. ಅವರ ಜಾಗ ಫೈಝಲ್‌ಗೆ ಸಿಕ್ಕಿತು. ಸಫಿಯಮ್ಮ ದಾರಿಯಲ್ಲಿ ಎದುರಾದರೆ ಮುಖ ತಿರುಗಿಸಿ ಹೋಗುತ್ತಿದ್ದರು. ಮಾಜಿದಾ ಅದನ್ನು ಸಹಿಸಿಕೊಂಡಳು. ಒಂದು ಜೀವ ಉಳಿಸಿದ್ದೇನೆ, ಅದಕ್ಕೆ ಇಷ್ಟು ಬೆಲೆ ಹೆಚ್ಚಲ್ಲ ಎಂದುಕೊಂಡಳು.

ಒಂದು ಮಂಗಳವಾರ ಸೈಬರ್ ಸೆಂಟರಿನ ಫೋನು ಹೊಡೆದುಕೊಂಡಿತು. ಅಝೀಮ್ ಎತ್ತಿ ಅವಳ ಕೈಗೆ ಕೊಟ್ಟ.

"ಟೀಚರ್, ನಮ್ಮ ಫೈಝಲ್ ಹೋದ," ಎಂದರು ಕುಶಾಲಪ್ಪ.

"ಎಲ್ಲಿಗೆ?"

"ಹತ್ತನೇ ನಂಬರ್ ಪ್ಯಾನೆಲಿನಲ್ಲಿ, ಶಾಕ್ ಹೊಡೆದು. ಪರ್ಮಿಟ್ ಇತ್ತು. ಅವನು ನಿಂತು ಪೂರ್ತಿ ಓದಿದ್ದಾನೆ, ಜೊತೆಗಿದ್ದವ ಹೇಳ್ತಾನೆ, ದೊಡ್ಡ ಸ್ವರದಲ್ಲಿ ಓದಿದನಂತೆ. ಮೈನ್ ಆಫ್ ಅಂತ ಬರೆದು ಯಾರೋ ಸೈನ್ ಹಾಕಿದ್ದಾರೆ. ಸೈನ್ ಹಾಕಿದವ ಹೋಗಿ ಆಫ್ ಮಾಡಿರಲೇ ಇಲ್ಲ. ಆಫೀಸಿನಲ್ಲಿ ಕೂತು ಬರೆದದ್ದು." ಆಮೇಲೆ, "ಫೈಝಲ್ ನೀವು ಕಲಿಸಿದ ಹಾಗೆಯೇ ಮಾಡಿದ್ದಾನೆ ಟೀಚರ್. ನಿಮ್ಮದು ಏನೂ ತಪ್ಪಿಲ್ಲ," ಎಂದರು.

ಶವ ಊರಿಗೆ ಬರಲು ಹದಿನೆಂಟು ದಿನ ಬೇಕಾಯಿತು. ದಫನ್ ಆದ ನಾಲ್ಕನೇ ದಿನ ಮಾಜಿದಾ ತೋಡಾರಿಗೆ ಹೊರಟಳು. ಬಸ್ ಸ್ಟ್ಯಾಂಡಿನಲ್ಲಿ ಮೂಸಾಕ, ಸಫಿಯಮ್ಮ ನಿಂತಿದ್ದರು. ಸಫಿಯಮ್ಮ ಮುಖ ತಿರುಗಿಸಲಿಲ್ಲ. ಬಂದು ಅವಳ ಎರಡೂ ಕೈ ಹಿಡಿದುಕೊಂಡರು.

"ನನ್ನದು ತಪ್ಪಾಯ್ತು ಮೋಳೇ. ನೀನು ಹೌದು ಅಂದಿದ್ದರೆ ಆ ಪೆಟ್ಟಿಗೆ ನನ್ನ ಮನೆಗೆ ಬರ್ತಿತ್ತು. ಐದು ಹೊತ್ತೂ ನಿನಗೆ ದುಆ ಮಾಡ್ತೇನೆ."

ಮಾಜಿದಾಳಿಗೆ ಕೈ ಬಿಡಿಸಿಕೊಳ್ಳಬೇಕೆನಿಸಿತು. ಆಗಲಿಲ್ಲ.

ಮೂಡುಬಿದಿರೆ ಬಸ್ಸಿನಲ್ಲಿ ಸಫಿಯಮ್ಮ ಅವಳ ಪಕ್ಕದಲ್ಲಿ, ಮೂಸಾಕ ಹಿಂದಿನ ಸೀಟಿನಲ್ಲಿ ಕೂತರು. ಸಿದ್ದಕಟ್ಟೆ ದಾಟುವವರೆಗೂ ಅವಳು ತಡೆದುಕೊಂಡಳು. ಆಮೇಲೆ ತಿರುಗದೆಯೇ ಕೇಳಿದಳು:

"ಮೂಸಾಕ, ಆ ಕಾಗದ ನಿಮ್ಮ ಕೈಗೆ ಬಂದಿದ್ದರೆ ನೀವೇನು ಮಾಡ್ತಿದ್ದಿರಿ?"

"ಈಗ ಅದು ಯಾಕೆ ಟೀಚರ್?"

"ಹೇಳಿ."

"ನನಗೆ ಓದಲಿಕ್ಕೆ ಬರುವುದಿಲ್ಲವಲ್ಲ. ಯಾವ ಕಾಗದ ಬಂದರೂ ಕಿಸೆಗೆ ಹಾಕಿ, ಕರೆಂಟು ಉಂಟಾ ಅಂತ ಮೊದಲು ಟೆಸ್ಟರ್ ಮುಟ್ಟಿಸಿ ನೋಡ್ತಿದ್ದೆ. ಮೂರು ಕಡೆ." ಅವರ ಸ್ವರದಲ್ಲಿ ಆರೋಪವಿರಲಿಲ್ಲ. "ಹತ್ತೊಂಬತ್ತು ವರ್ಷ ಎಲ್ಲರೂ ನಗಾಡ್ತಿದ್ದರು. ಮುದುಕನಿಗೆ ಜೀವದಾಸೆ ಅಂತ. ಫೈಝಲ್ ಸಹ."

ಸಫಿಯಮ್ಮ ಕೇಳಿಸಿಕೊಂಡರೋ ಇಲ್ಲವೋ, ಕಿಟಕಿಯ ಕಡೆ ನೋಡುತ್ತಿದ್ದರು. ಅವಳ ಕೈ ಇನ್ನೂ ಅವರ ಕೈಯೊಳಗೇ ಇತ್ತು. ಮಾಜಿದಾ ತನ್ನ ಪಾಠಗಳನ್ನು ಒಂದೊಂದಾಗಿ ನೆನಪಿಗೆ ತಂದುಕೊಂಡಳು. ಬಾಣದ ಗುರುತು, ಕೆಂಪು ಚೌಕ, ದಿನಾಂಕ, ಸಮಯ. ಟೆಸ್ಟರಿನ ಮಾತು ಯಾವ ಶುಕ್ರವಾರವೂ ಬಂದಿರಲಿಲ್ಲ. ಅಷ್ಟು ವರ್ಷ ಕೆಲಸ ಮಾಡಿದವರಿಗೆ ಅದೆಲ್ಲ ಗೊತ್ತಿರುತ್ತದೆ ಎಂದು ಬಿಟ್ಟಿದ್ದಳು.

ಫೈಝಲ್‌ನ ಮನೆಯಲ್ಲಿ ಗಂಡಸರು ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ಮೂಸಾಕ ಅಲ್ಲೇ ಉಳಿದರು. ಒಳಗೆ ಹೆಂಗಸರು ಚಾಪೆಯ ಮೇಲೆ ಗೋಡೆಗೆ ಒರಗಿ ಸಾಲಾಗಿ ಕೂತಿದ್ದರು. ಫೈಝಲ್‌ನ ತಾಯಿ ಅವ್ವಮ್ಮ ಚಿಕ್ಕ ಮೈಯ ಹೆಂಗಸು. ಯಾರೋ ಪರಿಚಯ ಹೇಳಿದ ಕೂಡಲೇ ಎದ್ದು, ಒಳಗಿನಿಂದ ಒಂದು ಲಕೋಟೆ ತಂದು ಮಾಜಿದಾಳ ಮಡಿಲಲ್ಲಿಟ್ಟರು.

"ಪೆಟ್ಟಿಗೆಯ ಜೊತೆ ಬಂದದ್ದು. ಹೊರಗೆ ಗಂಡಸರು ಓದಿದರು, ಓದಿ ಏನೂ ಹೇಳದೆ ಮಡಚಿ ಕೊಟ್ಟರು. ನೀನು ಅವನ ಟೀಚರಲ್ಲವಾ. ನೀನು ಓದು."

ಎರಡು ಹಾಳೆಗಳಿದ್ದವು. ಮೊದಲನೆಯದು ಕಂಪನಿಯ ವರದಿ. ಕೆಲಸಗಾರನು ಪರ್ಮಿಟ್ಟನ್ನು ಸ್ವತಃ ಓದಿ ಒಪ್ಪಿ ಸಹಿ ಮಾಡಿರುವ ಕಾರಣ ಕಂಪನಿಯ ಕಡೆಯಿಂದ ಯಾವ ಲೋಪವೂ ಆಗಿಲ್ಲ ಎಂದಿತ್ತು. ಎರಡನೆಯದು ಆ ಪರ್ಮಿಟ್ಟಿನ ಪ್ರತಿ. ಅದರ ಕೆಳಗೆ ಅಚ್ಚಾದ ಒಂದು ಸಾಲು, ಸಾಲಿನ ಕೆಳಗೆ ದುಂಡಗಿನ ಇಂಗ್ಲಿಷಿನಲ್ಲಿ ಪೂರ್ತಿ ಹೆಸರು. ಸಹಿಯ ಹಾಗೆ ಗೀಚಿದ್ದಲ್ಲ. ಒಂದೊಂದೇ ಅಕ್ಷರ ಬಿಡಿಸಿ ಬರೆದದ್ದು.

ಮಾಜಿದಾ ಮೊದಲನೆಯ ಹಾಳೆಯನ್ನು ಮಡಚಿ ಲಕೋಟೆಗೆ ಹಾಕಿದಳು.

"ಏನುಂಟು ಮೋಳೇ?"

"ಓದಿ ಅರ್ಥಮಾಡಿಕೊಂಡಿದ್ದೇನೆ ಅಂತ ಉಂಟು. ಕೆಳಗೆ ಅವನ ಹೆಸರು."

"ಅವನೇ ಬರೆದದ್ದಾ?"

"ಹೌದು."

"ಇಂಗ್ಲಿಷಿನಲ್ಲಿ?"

"ಇಂಗ್ಲಿಷಿನಲ್ಲಿ."

ಅವ್ವಮ್ಮ ಹಾಳೆಯನ್ನು ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದರು. ಹೆಸರು ಯಾವ ಕಡೆಯೆಂದು ಕೇಳಿ ತಿಳಿದುಕೊಂಡರು. ಆಮೇಲೆ ಪಕ್ಕದವರಿಗೆ ಕೊಟ್ಟು, "ನನ್ನ ಮಗ ಬರೆದದ್ದು, ನೋಡು," ಎಂದರು. ಪಕ್ಕದವರು ನೋಡಿ ಅವರ ಪಕ್ಕದವರಿಗೆ ಕೊಟ್ಟರು. ಹಾಳೆ ಗೋಡೆಯುದ್ದಕ್ಕೂ ಮಡಿಲಿಂದ ಮಡಿಲಿಗೆ ಸಾಗಿತು. ಅಡುಗೆಮನೆಯ ಬಾಗಿಲಲ್ಲಿ ಪಾತ್ರೆ ತೊಳೆಯುತ್ತಿದ್ದ ಒಬ್ಬಳು ತನ್ನ ಸರದಿ ಬಂದಾಗ ಎದ್ದು ನಿಂತು, ಒದ್ದೆ ಕೈಯನ್ನು ಬಟ್ಟೆಗೆ ಎರಡು ಸಲ ಒರಸಿಕೊಂಡು, ಅಂಚು ಮಾತ್ರ ಹಿಡಿದು ಅದನ್ನು ತೆಗೆದುಕೊಂಡಳು.